ಗಾಳಿಯಲ್ಲಿ ಕೂತ ಹನಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ನಾಲ್ಕೇ ಸಾಲು ಬರೆದಿದ್ದೆ. ನನ್ನ ಮೇಜಿನ ಮೇಲೆ ಒಂದು ಸಾಧನ ಇದೆ, ಅದು ಬರೀ ಶಬ್ದದಿಂದ ನೀರಿನ ಹನಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತದೆ ಎಂದು. ಜಾಗ ಉಳಿದಿತ್ತು, ತುಂಬಿಸಿದೆ, ಅಷ್ಟೇ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆ ನಾಲ್ಕು ಸಾಲಿನ ಮೇಲೇ ಇವೆ. ಒಬ್ಬರಂತೂ ನನ್ನ ತಪ್ಪನ್ನೇ ಹಿಡಿದಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ಶಬ್ದಕ್ಕೆ ಹನಿಯನ್ನು ಎತ್ತುವಷ್ಟು ಬಲ ಇದ್ದರೆ, ನಾನು ಎಷ್ಟೇ ಕೂಗಿದರೂ ಮೇಜಿನ ಮೇಲಿನ ಕಾಗದದ ಚೂರು ಯಾಕೆ ಮಿಸುಕುವುದಿಲ್ಲ? ಉಸಿರು ತಾಗಿ ಹಾರಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉತ್ತರ: ಉಸಿರಿನ ವಿಷಯ ನೀವೇ ಮೊದಲು ಹೇಳಿಬಿಟ್ಟಿರಿ, ಒಳ್ಳೆಯದಾಯಿತು. ಲ್ಯಾಬಿನಲ್ಲಿ ಮೂವತ್ತು ವರ್ಷ ಹುಡುಗರ ಪ್ರಯೋಗ ನೋಡಿದವನು ನಾನು. ಹೀಗೆ ತಾವೇ ಮುಂಚಿತವಾಗಿ ಯೋಚಿಸುವವರು ಕಮ್ಮಿ.

ಶಬ್ದ ಎಂದರೆ ಗಾಳಿಯ ಒತ್ತಡ ಕ್ಷಣ ಕ್ಷಣಕ್ಕೂ ಸ್ವಲ್ಪ ಏರಿ, ಅಷ್ಟೇ ಇಳಿಯುವುದು. ಏರಿದಾಗ ಕಾಗದವನ್ನು ಆಚೆ ತಳ್ಳುತ್ತದೆ, ಇಳಿದಾಗ ಈಚೆ ಎಳೆಯುತ್ತದೆ. ಒಟ್ಟು ಲೆಕ್ಕ ಸೊನ್ನೆ. ಆದರೆ ಪೂರ್ತಿ ಸೊನ್ನೆಯಲ್ಲ. ಕೂಡಿ ಕಳೆದ ಮೇಲೆ ಒಂದಿಷ್ಟು ಚಿಲ್ಲರೆ ಉಳಿಯುತ್ತದೆ. ಆ ಚಿಲ್ಲರೆ ಯಾವಾಗಲೂ ಒಂದೇ ದಿಕ್ಕಿಗೆ ತಳ್ಳುತ್ತದೆ. ಹನಿಯನ್ನು ಎತ್ತುವುದು ಅದೇ.

ಈ ಚಿಲ್ಲರೆಗೆ ಒಂದು ವಿಚಿತ್ರ ಗುಣ ಇದೆ. ಶಬ್ದದ ಒತ್ತಡ ಹತ್ತು ಪಟ್ಟಾದರೆ ಇದು ನೂರು ಪಟ್ಟಾಗುತ್ತದೆ. ಶಬ್ದದ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ, ಪ್ರತಿ 20 ಡೆಸಿಬಲ್ ಏರಿದಾಗ ಒತ್ತಡ ಹತ್ತು ಪಟ್ಟಾಗುತ್ತದೆ. ಮಾಮೂಲು ಮಾತಿನ ಶಬ್ದ ಸುಮಾರು 60 ಡೆಸಿಬಲ್. ಹನಿ ಎತ್ತಲು ಬೇಕಾದ್ದು ಹೆಚ್ಚುಕಮ್ಮಿ 160 ಡೆಸಿಬಲ್. ಒತ್ತಡದ ಲೆಕ್ಕದಲ್ಲಿ ಅದು ಲಕ್ಷ ಪಟ್ಟು. ಹಾಗಾದರೆ ಚಿಲ್ಲರೆಯ ಲೆಕ್ಕದಲ್ಲಿ ಸಾವಿರ ಕೋಟಿ ಪಟ್ಟು! ನಿಮ್ಮ ಕೂಗಿನ ಚಿಲ್ಲರೆ ಕಾಗದದ ಚೂರಿಗೆ ತಾಗಿದ್ದೂ ಗೊತ್ತಾಗುವುದಿಲ್ಲ.

ಇಷ್ಟು ಜೋರು ಶಬ್ದ ಮಾಡಿದರೆ ಪಕ್ಕದ ಮನೆಯವರು ಸುಮ್ಮನಿರುತ್ತಾರಾ? ಇರುತ್ತಾರೆ, ಯಾಕೆಂದರೆ ಅವರಿಗೆ ಕೇಳಿಸುವುದೇ ಇಲ್ಲ. ನನ್ನ ಸಾಧನ ಸೆಕೆಂಡಿಗೆ 40,000 ಸಲ, ಅಂದರೆ 40 ಕಿಲೋಹರ್ಟ್ಸ್‌ನಲ್ಲಿ, ಕಂಪಿಸುತ್ತದೆ. ನಮ್ಮ ಕಿವಿ 20,000ದ ಹತ್ತಿರವೇ ಕೈಚೆಲ್ಲುತ್ತದೆ. ಜೊತೆಗೆ ಆ ಶಬ್ದವೆಲ್ಲ ಬೆರಳಗಲದ ಜಾಗದಲ್ಲಿ ಒಟ್ಟಾಗುವಂತೆ ಮಾಡಿರುತ್ತಾರೆ. ಒಂದಕ್ಕೊಂದು ಮುಖ ಮಾಡಿದ ಎರಡು ಬಟ್ಟಲು. ಅವುಗಳ ಒಳಮೈಯಲ್ಲಿ ಸಾಲಾಗಿ ಅಂಟಿಸಿದ ಪುಟ್ಟ ಟ್ರಾನ್ಸ್‌ಡ್ಯೂಸರ್‌ಗಳು, ಅಂದರೆ ವಿದ್ಯುತ್ತನ್ನು ಶಬ್ದವಾಗಿಸುವ ಬಿಲ್ಲೆಗಳು. ಮೇಲಿನಿಂದ ಬಂದ ಅಲೆ, ಕೆಳಗಿನಿಂದ ಬಂದ ಅಲೆ ಒಂದರ ಮೇಲೊಂದು ಬಿದ್ದು, ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ನಿಂತುಬಿಡುತ್ತವೆ. ಇಂಥ ನಿಂತ ಅಲೆಯಲ್ಲಿ ಕೆಲವು ಗೊತ್ತಾದ ಜಾಗಗಳಲ್ಲಿ ಒತ್ತಡ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅವಕ್ಕೆ ನೋಡ್ ಎನ್ನುತ್ತಾರೆ. ಹನಿ ಕೂರುವುದು ಅಲ್ಲಿ. ತನ್ನ ತೂಕದಿಂದ ಕೂದಲೆಳೆಯಷ್ಟು ಕೆಳಗೆ ಜಗ್ಗಿರುತ್ತದೆ, ಅಷ್ಟೇ.

40 ಕಿಲೋಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 8.6 ಮಿ.ಮೀ. ನೋಡ್‌ಗಳ ನಡುವಿನ ಅಂತರ ಅದರ ಅರ್ಧ, 4.3 ಮಿ.ಮೀ. ಎರಡು ಮಿ.ಮೀ. ದಪ್ಪದ ಹನಿ ಅದರಲ್ಲಿ ಆರಾಮಾಗಿ ಕೂರುತ್ತದೆ. ಮೂರಕ್ಕೆ ಹೋದರೆ ತಕರಾರು ಶುರು. ಇದು ಹೊಸ ಚಮತ್ಕಾರವೇನೂ ಅಲ್ಲ. 1933ರಲ್ಲೇ ಬ್ಯೂಕ್ಸ್ ಮತ್ತು ಮುಲ್ಲರ್ ಎಂಬ ಇಬ್ಬರು ಜರ್ಮನ್ ಸಂಶೋಧಕರು ಕಂಪಿಸುವ ಸ್ಫಟಿಕದಿಂದ ಸಣ್ಣ ಹನಿಗಳನ್ನು ತೇಲಿಸಿದ್ದರು.

ಪ್ರಶ್ನೆ: ಹನಿ ಕೂರುವ ಜಾಗದಲ್ಲಿ ಗಾಳಿ ಅಲುಗುವುದೇ ಇಲ್ಲ ಎಂದು ಹೋದ ತಿಂಗಳು ಬರೆದಿದ್ದಿರಿ. ನಮ್ಮ ಪುಸ್ತಕದಲ್ಲಿ ತಿರುಗಾಮುರುಗಾ ಇದೆ. ಯಾವುದು ಸರಿ?

ಉತ್ತರ: ನಿಮ್ಮ ಪುಸ್ತಕವೇ ಸರಿ. ನಾನು ಬರೆದದ್ದು ತಪ್ಪು. 'ಒತ್ತಡ ಬದಲಾಗುವುದಿಲ್ಲ' ಎಂದು ಬರೆಯಬೇಕಿತ್ತು, ಅವಸರದಲ್ಲಿ 'ಗಾಳಿ ಅಲುಗುವುದಿಲ್ಲ' ಎಂದು ಬರೆದೆ. ಎರಡೂ ಒಂದೇ ಅಲ್ಲ. ಒಂದೇ ಅಲ್ಲ ಎನ್ನುವುದಕ್ಕಿಂತ ಒಂದಕ್ಕೊಂದು ಉಲ್ಟಾ ಎನ್ನಬೇಕು.

ಎರಡು ಕೋಣೆಗಳ ನಡುವಿನ ಬಾಗಿಲನ್ನು ನೆನೆಸಿಕೊಳ್ಳಿ. ಈ ಕೋಣೆಯ ಜನರೆಲ್ಲ ಆ ಕೋಣೆಗೆ ನುಗ್ಗುತ್ತಾರೆ, ಮತ್ತೆ ಅಲ್ಲಿಂದ ಇಲ್ಲಿಗೆ. ಕೋಣೆಗಳಲ್ಲಿ ಕಿಕ್ಕಿರಿಯುವುದು, ಖಾಲಿಯಾಗುವುದು ನಡೆದೇ ಇರುತ್ತದೆ. ಬಾಗಿಲಲ್ಲಿ ಯಾರೂ ಗುಂಪುಗೂಡುವುದಿಲ್ಲ. ಆದರೆ ಓಡಾಟವೆಲ್ಲ ಅಲ್ಲೇ! ನೋಡ್ ಎಂದರೆ ಆ ಬಾಗಿಲು. ಅಲ್ಲಿ ಒತ್ತಡ ಬದಲಾಗುವುದಿಲ್ಲ, ಗಾಳಿ ಮಾತ್ರ ಅತಿ ಹೆಚ್ಚು ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಹನಿ ಗಾಳಿಗಿಂತ ಸಾವಿರ ಪಟ್ಟಿನ ಹತ್ತಿರ ಭಾರ. ಅದಕ್ಕೆ ಆ ವೇಗದಲ್ಲಿ ಗಾಳಿಯ ಜೊತೆ ಓಡಲು ಆಗದು. ಸುಮ್ನೆ ಬಾಗಿಲಲ್ಲಿ ನಿಂತಿರುತ್ತದೆ.

ಇದು ಬರೀ ಪದಗಳ ತಕರಾರಲ್ಲ. ಹನಿಗೆ ಆಕಾರ ಬರುವುದು ಈ ಓಡಾಟದಿಂದಲೇ. ಗಾಳಿ ಹನಿಯ ಸೊಂಟದ ಸುತ್ತ ರಭಸದಿಂದ ಹಾಯುತ್ತದೆ. ರಭಸ ಹೆಚ್ಚಿದಲ್ಲಿ ಒತ್ತಡ ಕಮ್ಮಿ. ಹಾಗಾಗಿ ಸೊಂಟ ಹೊರಕ್ಕೆ ಉಬ್ಬುತ್ತದೆ, ನೆತ್ತಿ ಮತ್ತು ತಳ ಒಳಕ್ಕೆ ಅಮುಕಿಕೊಳ್ಳುತ್ತವೆ. ತೇಲುವ ಹನಿ ಗುಂಡಗಿರುವುದಿಲ್ಲ, ಅಂಗಿಯ ಚಪ್ಪಟೆ ಗುಂಡಿಯ ಹಾಗಿರುತ್ತದೆ. ಕಣ್ಣೆದುರೇ ಚಪ್ಪಟೆ ಹನಿ ಇಟ್ಟುಕೊಂಡು 'ಗಾಳಿ ಅಲುಗುವುದಿಲ್ಲ' ಎಂದು ಬರೆದೆನಲ್ಲ, ನನ್ನ ತಲೆಗೇನಾಗಿತ್ತೋ.

ಪ್ರಶ್ನೆ: ನಾನೂ ನನ್ನ ಮಗನೂ ಸೇರಿ 72 ಟ್ರಾನ್ಸ್‌ಡ್ಯೂಸರ್‌ಗಳ ಸಾಧನ ಕಟ್ಟಿದೆವು. ಥರ್ಮಾಕೋಲ್ ಮಣಿ ನಿಲ್ಲುತ್ತದೆ. ನೀರಿನ ಹನಿ ಮಾತ್ರ ಒಂದೋ ಬೀಳುತ್ತದೆ, ಇಲ್ಲ ಸಿಡಿದು ಹೋಗುತ್ತದೆ. ಹದಿನೈದು ದಿನ ಆಯಿತು. ಬಿಟ್ಟುಬಿಡೋಣವೇ?

ಉತ್ತರ: ಬಿಡಬೇಡಿ. ಹದಿನೈದು ದಿನ ಜಾಸ್ತಿಯಲ್ಲ. ನನಗೆ ಎರಡು ತಿಂಗಳು ಹಿಡಿಯಿತು.

ನೀವು ಕಟ್ಟಿದ್ದು ಟೈನಿಲೆವ್ ಎಂಬ ವಿನ್ಯಾಸ ಅಲ್ವಾ? ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಸಿಯರ್ ಮಾರ್ಜೊ, ಏಡ್ರಿಯನ್ ಬಾರ್ನ್ಸ್ ಮತ್ತು ಬ್ರೂಸ್ ಡ್ರಿಂಕ್‌ವಾಟರ್ 2017ರಲ್ಲಿ ಪ್ರಕಟಿಸಿದ್ದು ಅದು. ಕಾರಿನ ಪಾರ್ಕಿಂಗ್ ಸೆನ್ಸರ್‌ನಲ್ಲಿ ಇರುವಂಥದೇ ಅಗ್ಗದ ಟ್ರಾನ್ಸ್‌ಡ್ಯೂಸರ್‌ಗಳು, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು ಮೋಟರ್ ಡ್ರೈವರ್ ಬೋರ್ಡ್. ಹತ್ತು ವಾಟ್ ವಿದ್ಯುತ್ತಿನಲ್ಲಿ 4 ಮಿ.ಮೀ. ತನಕದ, ನೀರಿನ ಎರಡು ಪಟ್ಟು ಸಾಂದ್ರತೆಯ ವಸ್ತುವನ್ನೂ ನಿಲ್ಲಿಸಬಹುದು ಎಂದು ಅವರು ತೋರಿಸಿದರು. ಲ್ಯಾಬಿನಲ್ಲಿ ಬೀಗ ಹಾಕಿಟ್ಟಿದ್ದ ವಿದ್ಯೆ ಮನೆಯ ಮೇಜಿಗೆ ಬಂದದ್ದು ಹೀಗೆ.

ಥರ್ಮಾಕೋಲ್ ನಿಂತಿತು ಎಂದು ಹಿಗ್ಗಬೇಡಿ. ಥರ್ಮಾಕೋಲ್ ಯಾವುದಕ್ಕೂ ನಿಲ್ಲುತ್ತದೆ. ನನ್ನದರಲ್ಲಿ 72ರಲ್ಲಿ ಐದು ಉಲ್ಟಾ ಕೂತಿದ್ದವು. ಆದರೂ ಮಣಿ ನಿಂತಿತ್ತು. ಟ್ರಾನ್ಸ್‌ಡ್ಯೂಸರ್‌ನ ಕಾಲಿನ ಪಕ್ಕ ಪ್ಲಸ್ ಗುರುತು ಇರುತ್ತದೆ. ಅದನ್ನು ನಂಬಿ ಕೆಟ್ಟೆ. ಗುರುತು ತಪ್ಪಾಗಿದ್ದವು ಒಂದಷ್ಟು ಇದ್ದವು. ಒಂದು ಉಲ್ಟಾ ಇದ್ದರೆ ಅದು ತಾನು ಕೆಲಸ ಮಾಡದಿರುವುದು ಮಾತ್ರವಲ್ಲ, ಪಕ್ಕದ್ದರ ಕೆಲಸವನ್ನೂ ಅಳಿಸುತ್ತದೆ. ಐದು ಉಲ್ಟಾ ಎಂದರೆ ಹತ್ತು ಹೋದ ಹಾಗೆ. ಪ್ರತಿಯೊಂದನ್ನೂ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಸಿಕ್ಕಿಸಿ, ಜಾಲರಿಯೊಳಗಿನ ಪುಟ್ಟ ಕೋನ್ ಅನ್ನು ತೆಳು ತಂತಿಯಿಂದ ಮೆಲ್ಲಗೆ ಒತ್ತಿ ನೋಡಿ. ಗೆರೆ ಮೇಲಕ್ಕೆ ಜಿಗಿದರೆ ಒಂದು ಗುಂಪು, ಕೆಳಕ್ಕೆ ಜಿಗಿದರೆ ಇನ್ನೊಂದು. ಅಂಟಿಸಿ ಸೋಲ್ಡರ್ ಮಾಡಿ ಆದ ಮೇಲೆ ನಾನು ಇದನ್ನು ಮಾಡಿದೆ. ಗ್ಲೂ ಕಿತ್ತು ಕಿತ್ತು ಬೆರಳು ಸುಟ್ಟುಕೊಂಡೆ.

ಎರಡನೆಯದು ಸೂಜಿ. ಹನಿಗೆ ನಿಮ್ಮ ಶಬ್ದಕ್ಕಿಂತ ಸೂಜಿಯ ಮೇಲೆ ಪ್ರೀತಿ ಜಾಸ್ತಿ. ನೀರಿನ ಮೇಲ್ಮೈ ಎಳೆತ ಹೆಚ್ಚು, ಅದು ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಸೂಜಿ ಎಳೆದಾಗ ಹನಿಯೂ ಹಿಂದೆಯೇ ಬರುತ್ತದೆ. ಎರಡು ಮಿ.ಮೀ. ಹನಿಯ ತೂಕ ಬರೀ 4 ಮಿಲಿಗ್ರಾಂ, ಅದಕ್ಕೆ ಬಿಡಿಸಿಕೊಳ್ಳುವ ಭಾರವೇ ಇಲ್ಲ. ಆದಷ್ಟು ತೆಳು ಸೂಜಿ ತೆಗೆದುಕೊಳ್ಳಿ. ತುದಿಗೆ ಚೂರು ಮೇಣ ಸವರಿ. ಪಕ್ಕದಿಂದ ನೋಡ್ ತನಕ ತಂದು, ಹನಿ ಮೂಡಿ ಚಪ್ಪಟೆಯಾಗಲು ಶುರುವಾದ ಕೂಡಲೇ ಸೂಜಿಯನ್ನು ಚಕ್ಕನೆ ಹಿಂದಕ್ಕೆ ಎಳೆಯಿರಿ. ಮೆಲ್ಲಗೆ ಎಳೆದರೆ ಆಗದು. ಮೊದಲ ಸಲ ನನಗೆ ಕೈಗೂಡಿದ್ದು ಸಿಟ್ಟಿನಲ್ಲಿ ಸೂಜಿ ಕಿತ್ತಾಗ.

ಬೇಕಾದರೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೈ ಪಳಗಿಸಿ. ಅದರ ಮೇಲ್ಮೈ ಎಳೆತ ನೀರಿನದರ ಮೂರನೇ ಒಂದು ಪಾಲು ಇರಬಹುದು, ಸೂಜಿಯಿಂದ ಬೇಗ ಬಿಡಿಸಿಕೊಳ್ಳುತ್ತದೆ. ಆದರೆ ಸಿಡಿಯುವುದೂ ಬೇಗ. ಹತ್ತಿರ ಬೆಂಕಿ ಇರಬಾರದು ಎಂದು ಬೇರೆ ಹೇಳಬೇಕೇ?

ಸಿಡಿಯುವುದು ಮೂರನೆಯ ತೊಂದರೆ. ಇಲ್ಲಿ ನೀವು ವೋಲ್ಟೇಜ್ ಜಾಸ್ತಿ ಕೊಡುತ್ತಿದ್ದೀರಿ. ಹನಿಯನ್ನು ಗುಂಡಗೆ ಇಡಲು ಅದರ ಮೇಲ್ಮೈ ಎಳೆಯುತ್ತಿರುತ್ತದೆ, ಶಬ್ದ ಚಪ್ಪಟೆ ಮಾಡುತ್ತಿರುತ್ತದೆ. ಶಬ್ದ ಗೆದ್ದರೆ ಗುಂಡಿ ತಟ್ಟೆಯಾಗುತ್ತದೆ. ತಟ್ಟೆ ಅಗಲವಾದಷ್ಟೂ ಅದರ ಮೇಲೆ ಶಬ್ದದ ಹಿಡಿತ ಹೆಚ್ಚುತ್ತದೆ. ಹಾಗಾಗಿ ಒಂದು ಹಂತ ದಾಟಿದರೆ ಆಮೇಲೆ ತಡೆ ಇಲ್ಲ. ನಡುವೆ ತೆಳು ಪೊರೆಯಾಗಿ ಉಬ್ಬಿ, ಪಟ್ ಎಂದು ತುಂತುರಾಗಿ ಹೋಗುತ್ತದೆ. ಹನಿ ಕೂತ ಮೇಲೆ ವೋಲ್ಟೇಜ್ ಅನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಬೀಳುವುದಕ್ಕೂ ಸಿಡಿಯುವುದಕ್ಕೂ ನಡುವೆ ಒಂದು ಕಿರಿದಾದ ಜಾಗ ಇದೆ. ದೊಡ್ಡ ಹನಿಗೆ ಅದು ಇನ್ನೂ ಕಿರಿದು.

ಪ್ರಶ್ನೆ: ಹನಿಗೆ ಚಪ್ಪಟೆಯಲ್ಲದೆ ಬೇರೆ ಆಕಾರ ಕೊಡಬಹುದೇ?

ಉತ್ತರ: ಕೊಡಬಹುದು. ನನಗೆ ಈ ಹುಚ್ಚು ಹಿಡಿದದ್ದೇ ಅದಕ್ಕಾಗಿ.

ಹನಿಗೂ ಗಂಟೆಯ ಹಾಗೆ ತನ್ನದೇ ಆದ ಸ್ವರ ಇದೆ. ತಟ್ಟಿದರೆ ಅದು ಉದ್ದವಾಗಿ, ಚಪ್ಪಟೆಯಾಗಿ, ಮತ್ತೆ ಉದ್ದವಾಗಿ ನಡುಗುತ್ತದೆ. ಎಷ್ಟು ವೇಗದಲ್ಲಿ ಎಂದು 1879ರಲ್ಲಿ ಇಂಗ್ಲಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಲೆಕ್ಕ ಹಾಕಿ ಕೊಟ್ಟರು. ಎರಡು ಮಿ.ಮೀ. ದಪ್ಪದ ನೀರಿನ ಹನಿಗೆ ಸೆಕೆಂಡಿಗೆ ಸುಮಾರು 120 ಸಲ. ಹನಿ ದಪ್ಪವಾದರೆ ನಡುಕ ನಿಧಾನ. ಈಗ 40,000ದ ಶಬ್ದವನ್ನು ಹಾಗೇ ಇಟ್ಟು, ಅದರ ಜೋರನ್ನು ಮಾತ್ರ ಹನಿಯ ಲಯಕ್ಕೆ ಸರಿಯಾಗಿ ಏರಿಸಿ ಇಳಿಸಿ. ಉಯ್ಯಾಲೆಯನ್ನು ಹದ ನೋಡಿ ತಳ್ಳಿದ ಹಾಗೆ. ಚಪ್ಪಟೆ ಹನಿಯ ಅಂಚಿನಲ್ಲಿ ಮೂಲೆಗಳು ಮೂಡುತ್ತವೆ. ಲಯ ಬದಲಿಸುತ್ತ ಹೋದರೆ ಮೂರು ಮೂಲೆ, ನಾಲ್ಕು, ಐದು. ಬರಿಗಣ್ಣಿಗೆ ಮಬ್ಬು ಹೂವಿನ ಹಾಗೆ ಕಾಣುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ನಕ್ಷತ್ರ! ಮೂಲೆ ಇದ್ದ ಕಡೆ ಮರುಕ್ಷಣ ತಗ್ಗು, ತಗ್ಗಿದ್ದ ಕಡೆ ಮೂಲೆ.

ತಿರುಗಿಸಿದರೆ ಇನ್ನೊಂದು ಬಗೆ. ಜೋರಾಗಿ ತಿರುಗುವ ಹನಿ ಮೊದಲು ಚಪ್ಪಟೆಯಾಗಿ, ಒಂದು ವೇಗ ದಾಟಿದ ಮೇಲೆ ಎರಡು ತಲೆಯ ಡಂಬೆಲ್ ಆಗುತ್ತದೆ. ಇದನ್ನು ಭೂಮಿಯ ಮೇಲೆ ಪರೀಕ್ಷಿಸಲು ಹೋದರೆ ಹನಿಯನ್ನು ಎತ್ತಿ ಹಿಡಿಯುವ ಶಬ್ದವೇ ಆಕಾರ ಕೆಡಿಸುತ್ತದೆ. ಅದಕ್ಕೇ ಟೇಲರ್ ವಾಂಗ್ ಎಂಬ ಭೌತವಿಜ್ಞಾನಿ 1985ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯಲ್ಲಿ ತನ್ನ ಉಪಕರಣದ ಜೊತೆ ತಾನೇ ಹೋದರು. ಅಲ್ಲಿ ಹನಿಗೆ ಭಾರವಿಲ್ಲ, ಮೆಲುಶಬ್ದ ಸಾಕು. ಮೇಲೆ ಹೋಗಿ ಸ್ವಿಚ್ ಹಾಕಿದರೆ ಉಪಕರಣ ಸತ್ತುಬಿದ್ದಿತ್ತು! ರಿಪೇರಿಗೆ ಅವಕಾಶ ಕೊಡದಿದ್ದರೆ ನಾನು ವಾಪಸ್ ಬರುವುದೇ ಇಲ್ಲ ಎಂದು ಕೆಳಗಿನವರಿಗೆ ಹೇಳಿಬಿಟ್ಟರಂತೆ. ಅವಕಾಶ ಸಿಕ್ಕಿತು, ರಿಪೇರಿ ಆಯಿತು, ಹನಿಗಳು ತಿರುಗಿದವು. ಗ್ಲೂ ಕೀಳುವಾಗ ನಾನು ಅವರನ್ನೇ ನೆನೆಸಿಕೊಂಡು ಧೈರ್ಯ ತಂದುಕೊಂಡೆ.

ಪ್ರಶ್ನೆ: ಮನುಷ್ಯನನ್ನು ಎತ್ತಬಹುದೇ?

ಉತ್ತರ: ಇಲ್ಲ. ಅಲೆಯ ಉದ್ದದ ಅರ್ಧವೇ ನಿಮ್ಮ ಎತ್ತರಕ್ಕಿಂತ ಹೆಚ್ಚಿರಬೇಕು. ಹಾಗಾದರೆ ಕಂಪನ ಸೆಕೆಂಡಿಗೆ ನೂರಕ್ಕಿಂತ ಕೆಳಗೆ ಬರಬೇಕು. ಅದು ಚೆನ್ನಾಗಿ ಕೇಳಿಸುವ ಶಬ್ದ. ಆ ಜೋರಿನಲ್ಲಿ ನೀವು ಮೇಲೇಳುವ ಮುಂಚೆ ಕಿವಿ ಹೋಗಿರುತ್ತದೆ.

ಪ್ರಶ್ನೆ: ನೋಡಲು ಚಂದ, ಸರಿ. ಇದರಿಂದ ಉಪಯೋಗ ಏನು?

ಉತ್ತರ: ಪಾತ್ರೆ ಬೇಡ ಎನ್ನುವುದೇ ಉಪಯೋಗ. ಯಾವ ದ್ರವವನ್ನು ಯಾವ ಪಾತ್ರೆಗೆ ಹಾಕಿದರೂ ಅದರ ಗೋಡೆ ಏನಾದರೊಂದು ಮಾಡುತ್ತದೆ. ಹರಳು ಕಟ್ಟುವುದು ಸಾಮಾನ್ಯವಾಗಿ ಗೋಡೆಯಿಂದಲೇ ಶುರು. ಕೆಲವು ಔಷಧಿಗಳು ಹರಳಾದರೆ ದೇಹದಲ್ಲಿ ಸರಿಯಾಗಿ ಕರಗುವುದಿಲ್ಲ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ಔಷಧಿ ದ್ರಾವಣದ ಹನಿಗಳನ್ನು ಶಬ್ದದಲ್ಲೇ ನಿಲ್ಲಿಸಿ ಒಣಗಿಸಿ, ಹರಳಾಗದಂತೆ ನೋಡಿಕೊಂಡು, ಎಕ್ಸ್‌ರೇಯಿಂದ ಪರೀಕ್ಷಿಸಿದ್ದಾರೆ.

ತೇಲಿಸದೆಯೂ ಕೆಲಸ ತೆಗೆಯಬಹುದು. ಔಷಧಿ ಸಂಶೋಧನೆಯ ಲ್ಯಾಬುಗಳಲ್ಲಿ ಎಕೊ ಎಂಬ ಯಂತ್ರ ಇರುತ್ತದೆ. ತಟ್ಟೆಯ ತಳದಿಂದ ಶಬ್ದವನ್ನು ದ್ರವದ ಮೇಲ್ಮೈಗೆ ಗುರಿಯಿಟ್ಟು ಬಿಡುತ್ತದೆ. ಅಲ್ಲಿಂದ 2.5 ನ್ಯಾನೊಲೀಟರ್‌ನ ಒಂದು ಹನಿ ಮೇಲಕ್ಕೆ ಚಿಮ್ಮಿ, ಬೋರಲು ಹಾಕಿದ ಇನ್ನೊಂದು ತಟ್ಟೆಗೆ ಅಂಟಿಕೊಳ್ಳುತ್ತದೆ. ನನ್ನ ಎರಡು ಮಿ.ಮೀ. ಹನಿಯಲ್ಲಿ ಅಂಥವು 1,600ಕ್ಕೂ ಹೆಚ್ಚು ಆಗುತ್ತವೆ. ಸೂಜಿ ಇಲ್ಲ, ಆದ್ದರಿಂದ ಸೂಜಿಗೆ ಕಚ್ಚಿಕೊಳ್ಳುವ ರಗಳೆಯೂ ಇಲ್ಲ. ನನಗೆ ಹೊಟ್ಟೆಕಿಚ್ಚು ಬರುವುದು ಅಲ್ಲೇ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಚಿಪ್ ಮೇಲಿನ ಹನಿ. ರೇಲೀ 1885ರಲ್ಲಿ ಇನ್ನೊಂದು ಲೆಕ್ಕವನ್ನೂ ಮಾಡಿದ್ದರು. ಗಟ್ಟಿ ವಸ್ತುವಿನ ಮೇಲ್ಮೈಯಲ್ಲೇ ಹರಿಯುವ ಅಲೆಯ ಲೆಕ್ಕ ಅದು. ಭೂಕಂಪದಲ್ಲಿ ನೆಲದ ಮೇಲೆ ಉರುಳಿಕೊಂಡು ಬರುವುದು ಆ ಜಾತಿಯ ಅಲೆ. ಅದನ್ನೇ ಕುಗ್ಗಿಸಿ ಲಿಥಿಯಂ ನಿಯೋಬೇಟ್ ಎಂಬ ಹರಳಿನ ಬಿಲ್ಲೆಯ ಮೇಲೆ ಹುಟ್ಟಿಸಬಹುದು. ಬಾಚಣಿಗೆಯ ಹಲ್ಲುಗಳ ಹಾಗೆ ಒಂದರೊಳಗೊಂದು ಸೇರಿದ ಲೋಹದ ಗೆರೆಗಳು ಸಾಕು. ಈ ಬಾಚಣಿಗೆಯನ್ನು ವೈಟ್ ಮತ್ತು ವಾಲ್ಟ್ಮರ್ 1965ರಲ್ಲಿ ತೋರಿಸಿದರು. ಮೊಬೈಲಿನಲ್ಲಿ ಬೇಡದ ಸಿಗ್ನಲ್ ಸೋಸುವ ಫಿಲ್ಟರ್‌ಗಳಲ್ಲಿ ಇದೇ ಇರುತ್ತದೆ. 20 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎರಡು ಕೋಟಿ ಕಂಪನದಲ್ಲಿ, ಆ ಅಲೆಯ ಉದ್ದ 0.2 ಮಿ.ಮೀ. ಅಲೆ ಹರಿಯುವ ದಾರಿಯಲ್ಲಿ ಒಂದು ಹನಿ ನೀರು ಇಟ್ಟರೆ, ಅಲೆ ಅದರೊಳಕ್ಕೆ ಸೋರುತ್ತದೆ. ನೇರ ಮೇಲಕ್ಕಲ್ಲ, ನೆಟ್ಟಗಿನ ಗೆರೆಯಿಂದ 22 ಡಿಗ್ರಿಯಷ್ಟು ಓರೆಯಾಗಿ ಮುಂದಕ್ಕೆ. ನೀರಿನಲ್ಲಿ ಶಬ್ದದ ವೇಗ ಆ ಹರಳಿನ ಮೇಲಿನ ವೇಗಕ್ಕಿಂತ ತೀರಾ ಕಡಿಮೆ, ಅದಕ್ಕೇ ಈ ಓರೆ. ಸಣ್ಣಗೆ ಕೊಟ್ಟರೆ ಹನಿಯೊಳಗೆ ಸುಳಿ ಎದ್ದು ಕಲಕುತ್ತದೆ. ಜೋರು ಮಾಡಿದರೆ ಹನಿ ಮುಂದಕ್ಕೆ ಸರಿಯುತ್ತದೆ. ಇನ್ನೂ ಜೋರಾದರೆ ಓರೆಯಾಗಿ ಚಿಮ್ಮುತ್ತದೆ, ಇಲ್ಲ ಮಂಜಾಗಿ ಹಾರಿಹೋಗುತ್ತದೆ. ಕೊಳವೆ ಇಲ್ಲ, ಪಂಪು ಇಲ್ಲ, ತಿರುಗುವ ಚಕ್ರ ಇಲ್ಲ.

ಪ್ರಶ್ನೆ: ಕಿವಿಗೆ ಅಪಾಯ ಇಲ್ಲವೇ?

ಉತ್ತರ: ಕೇಳಿಸುವುದಿಲ್ಲ ಎಂದು ಬಟ್ಟಲುಗಳ ನಡುವೆ ಕಿವಿ ಇಡಬೇಡಿ. ಕೆಲಸ ಇಲ್ಲದಾಗ ಆಫ್ ಮಾಡಿ. ನಾಯಿಗೆ 40 ಕಿಲೋಹರ್ಟ್ಸ್ ಕೇಳಿಸುತ್ತದೆ, ಬೆಕ್ಕಿಗೆ ಇನ್ನೂ ಚೆನ್ನಾಗಿ. ನಾನು ಸ್ವಿಚ್ ಹಾಕಿದ ತಕ್ಷಣ ನಮ್ಮ ಬೆಕ್ಕು ಎದ್ದು ಹೋಗುತ್ತದೆ. ಟ್ರಾನ್ಸ್‌ಡ್ಯೂಸರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮೊದಮೊದಲು ಅದನ್ನೇ ನೋಡುತ್ತಿದ್ದೆ. ಪಾಪ, ಆಮೇಲೆ ಬಿಟ್ಟೆ.

ಪ್ರಶ್ನೆ: ಹನಿಯನ್ನು ನಿಲ್ಲಿಸುವುದು ಸರಿ, ನಡೆಸುವುದು ಹೇಗೆ? ಎರಡು ಹನಿ ಸೇರಿಸಿದ್ದೀರಾ?

ಉತ್ತರ: ಮೇಲಿನ ಬಟ್ಟಲಿನ ಶಬ್ದವನ್ನು ಕೆಳಗಿನದಕ್ಕಿಂತ ಸ್ವಲ್ಪ ತಡವಾಗಿ ಹೊರಡಿಸಿದರೆ ನೋಡ್‌ಗಳೆಲ್ಲ ಒಟ್ಟಿಗೆ ಸರಿಯುತ್ತವೆ, ಹನಿಯೂ ಜೊತೆಗೆ ಸರಿಯುತ್ತದೆ. ಒಂದು ಪೂರ್ತಿ ಕಂಪನದಷ್ಟು ತಡಮಾಡಿದರೆ ಒಂದು ನೋಡ್‌ನಷ್ಟು, ಅಂದರೆ 4.3 ಮಿ.ಮೀ. ದೂರ. ಮೇಲೆ ಕೆಳಗೆ ಓಡಾಡಿಸಲು ಇಷ್ಟು ಸಾಕು. ಅಡ್ಡಡ್ಡ ನಡೆಸಿ ಒಂದನ್ನೊಂದು ಸೇರಿಸಲು ಪ್ರತಿ ಟ್ರಾನ್ಸ್‌ಡ್ಯೂಸರ್ ಅನ್ನೂ ಬೇರೆ ಬೇರೆ ನಡೆಸಬೇಕು. ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಡೇನಿಯಲೆ ಫೊರೆಸ್ಟಿ ಮತ್ತು ಸಂಗಡಿಗರು 2013ರಲ್ಲಿ ಕಂಪಿಸುವ ಚೌಕಗಳ ಹಾಸಿನ ಮೇಲೆ ಹನಿಗಳನ್ನು ಹಾಗೆ ನಡೆಸಿ, ತೇಲುತ್ತಿದ್ದ ಕಾಫಿ ಪುಡಿಯ ಹರಳಿಗೆ ನೀರಿನ ಹನಿ ಸೇರಿಸಿ ತೋರಿಸಿದರು.

ನನ್ನ ಹತ್ತಿರ ಅಷ್ಟೆಲ್ಲ ಇಲ್ಲ. ನನ್ನದು ಕಳ್ಳ ದಾರಿ. ಒಂದು ನೋಡ್‌ನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರಿನ ಹನಿ ಇಟ್ಟೆ. ಸೂಜಿಯ ತುದಿಯಲ್ಲಿ ಫಿನಾಲ್ಫ್ತಲೀನ್ ಹನಿ ಮೂಡಿಸಿ ಹತ್ತಿರ ತಂದೆ. ಸೋಡಾದಂಥ ಕ್ಷಾರ ತಾಗಿದರೆ ಗುಲಾಬಿಯಾಗುವ ದ್ರವ ಅದು. ಮೊದಲ ಮೂರು ಸಲ ಸೇರಿದ ಕೂಡಲೇ ಸಿಡಿಯಿತು. ಫಿನಾಲ್ಫ್ತಲೀನ್ ಇರುವುದು ಆಲ್ಕೋಹಾಲ್‌ನಲ್ಲಿ, ಅದು ಹನಿಯ ಮೇಲ್ಮೈಯನ್ನೇ ಸಡಿಲ ಮಾಡುತ್ತದೆ ಎನ್ನುವುದು ಆಮೇಲೆ ಹೊಳೆಯಿತು. ನೀರು ಬೆರೆಸಿ ತೆಳು ಮಾಡಿ, ವೋಲ್ಟೇಜ್ ಇಳಿಸಿ, ನಾಲ್ಕನೆಯ ಸಲ ನೋಡಿದೆ. ಬಣ್ಣವಿಲ್ಲದ ಎರಡು ಹನಿ ಸೇರಿ ಒಂದಾಯಿತು. ಎಲ್ಲ ಒಮ್ಮೆಲೇ ಗುಲಾಬಿಯಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ಬದಿಯಲ್ಲಿ ಎಳೆಯಾಗಿ ಶುರುವಾಗಿ, ಹನಿ ತಿರುಗಿದಂತೆ ಅದು ಸುತ್ತಿಕೊಂಡು, ಆಮೇಲೆ ಪೂರ್ತಿ ತುಂಬಿತು. ಗಾಳಿಯಲ್ಲಿ ಗುಲಾಬಿ ಗುಂಡಿ. ನಾನು ಫೋನ್ ತರಲು ಎದ್ದು ಹೋದೆ. ಫೋನ್ ಚಾರ್ಜ್ ಇರಲಿಲ್ಲ, ಚಾರ್ಜರ್ ಹುಡುಕಿ ಬರುವಷ್ಟರಲ್ಲಿ ನೀರೆಲ್ಲ ಆರಿ, ಸೋಡಾದ ಒಂದು ಬಿಳಿ ಕಾಳು ಮಾತ್ರ ಅಲ್ಲೇ ನಿಂತಿತ್ತು. ಅದರ ಫೋಟೋವನ್ನೇ ಸಂಪಾದಕರಿಗೆ ಕಳಿಸಿದ್ದೇನೆ.